ಕೆಂಚಕ್ಕ ರುಚಿ ನೋಡದೆ ಮಾಡುತ್ತಿದ್ದ ಸೂಪು

ಹೋದ ತಿಂಗಳು ದಿಂಡುಗಲ್ಲಿನಲ್ಲಿ ಕಣ್ಣು ತೋರಿಸಿಕೊಂಡು ಬಸ್ ನಿಲ್ದಾಣಕ್ಕೆ ನಡೆದು ಬರುತ್ತಿದ್ದಾಗ, ಒಂದು ಓಣಿಯ ಮಹಡಿಮನೆಯ ಕಿಟಕಿಯಿಂದ ಆ ವಾಸನೆ ಇಳಿದು ಬಂತು. ದನದ ಮೂಳೆಯನ್ನು ಈರುಳ್ಳಿಯೊಡನೆ ಕಂದುಬಣ್ಣಕ್ಕೆ ಹುರಿದು, ನೀರು ಹೊಯ್ದು, ಇಡೀ ಮೆಣಸು ಹಾಕಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕುದಿಸಿದಾಗ ಏಳುವ ವಾಸನೆ ಅದು. ಅದರ ಬೆನ್ನಿಗೆ ಮೆಕರೋನಿ ಬೇಯುವಾಗಿನ ಹಸಿ ಗೋಧಿಹಿಟ್ಟಿನ ವಾಸನೆ. ನಾನು ನಿಂತುಬಿಟ್ಟೆ. ಜೊತೆಗಿದ್ದ ಮೊಮ್ಮಗಳು ಕಣ್ಣಿಗೆ ಹಾಕಿದ ಔಷಧಿಯಿಂದ ದಾರಿ ಕಾಣುತ್ತಿಲ್ಲವೇನೋ ಎಂದುಕೊಂಡು ನನ್ನ ಮೊಣಕೈ ಹಿಡಿದಳು. ದಾರಿ ಚೆನ್ನಾಗಿಯೇ ಕಾಣುತ್ತಿತ್ತು.

ನನ್ನ ಅಕ್ಕ ಕೆಂಚಮ್ಮ ಸತ್ತ ಬಗ್ಗೆ ಎರಡು ಕತೆಗಳಿವೆ. ಹಸುವಿನ ಮಾಂಸ ಬೇಯಿಸಿದ ಪಾಪಕ್ಕೆ ಬೆಟ್ಟದ ಮೇಲೆ ರಕ್ತ ಕೆಮ್ಮಿ ಸತ್ತಳು ಎಂಬುದು ನಮ್ಮ ಊರು ಹೇಳುವ ಕತೆ. ಊರು ಬಾಗಿಲು ಮುಚ್ಚಿದ್ದರಿಂದ ಸತ್ತಳು ಎಂಬುದು ನಾನು ನನ್ನ ಮಕ್ಕಳಿಗೆ ಇಪ್ಪತ್ತು ವರ್ಷ ಹೇಳಿಕೊಂಡು ಬಂದ ಕತೆ. ಕೇಳಿದ್ದನ್ನೆಲ್ಲ ಅನುಮಾನಿಸುವ ಗುಣ ನನ್ನದು; ಆದರೆ ನಾನೇ ಹೇಳಿದ್ದನ್ನು ಅನುಮಾನಿಸಲು ಇಷ್ಟು ಕಾಲ ಬೇಕಾಯಿತು. ಆ ಮಳೆಗಾಲದಲ್ಲಿ ಅಲ್ಲಿ ಇದ್ದವನು ನಾನು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಾವು ತಮಿಳುನಾಡಿನ ಕಂಬಂ ಕಣಿವೆಯ ಕನ್ನಡ ಒಕ್ಕಲಿನವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮಾತಾಡುವುದಕ್ಕೆ ಪೇಸು, ಹೇಳುವುದಕ್ಕೆ ಸೊಲ್ಲು ಎಂದು ಮನೆಯ ಕನ್ನಡದೊಳಗೂ ತಮಿಳು ಬಂದು ಕುಳಿತಿದೆ. ನಮ್ಮಲ್ಲಿ ಕನ್ನಡದ ಅಕ್ಷರ ಬಲ್ಲವರಿಲ್ಲ. ನಾನು ಐದನೆಯ ತರಗತಿಗೆ ಶಾಲೆ ಬಿಟ್ಟವನು, ಮೂವತ್ತು ದಾಟಿದ ಮೇಲೆ ಹಳೆಯ ಪಠ್ಯಪುಸ್ತಕಗಳನ್ನು ತರಿಸಿಕೊಂಡು ಈ ಲಿಪಿಯನ್ನು ಕಲಿತೆ. ಕಲಿತ ಮೇಲೆ ಊರಿನವರಿಗೆ ನನ್ನ ಕಾಟ ಹೆಚ್ಚಾಯಿತು. ನಮ್ಮ ಪೂರ್ವಿಕರು ದನಗಳ ಹಿಂದೆ ನಡೆದು ಬಂದರಂತೆ, ಮುಂದೆ ನಡೆಯುತ್ತಿದ್ದ ಹಸು ಎಲ್ಲಿ ಮಲಗಿತೋ ಅಲ್ಲಿ ಊರು ಕಟ್ಟಿದರಂತೆ. ಹಸು ದಿನಕ್ಕೆ ಹತ್ತು ಸಲ ಮಲಗುತ್ತದೆ, ಬೇರೆ ಒಂಬತ್ತು ಕಡೆ ಯಾಕೆ ಕಟ್ಟಲಿಲ್ಲ ಎಂದು ನಾನು ಕೇಳುತ್ತಿದ್ದೆ. ಹಿರಿಯರು ನಕ್ಕು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

ಆ ಹಸುವಿನ ಸಂತತಿ ಎಂದು ಹೇಳುವ ದೇವರ ದನಗಳು ನಮ್ಮೂರಲ್ಲಿ ಇಂದಿಗೂ ಇವೆ. ಅವುಗಳ ಹಾಲು ಕರೆಯುವಂತಿಲ್ಲ, ಅವನ್ನು ಮಾರುವಂತಿಲ್ಲ, ಸತ್ತರೆ ಮನುಷ್ಯರಂತೆ ಹೂಳಬೇಕು. ಅವು ನಿಲ್ಲುವ ದೊಡ್ಡಿಯೇ ನಮಗೆ ಗುಡಿ. ಹೊರಗೆ ಹೋಗಿ ಬಹುಕಾಲ ಬಾಳಿದವರು, ನಡತೆಯ ಬಗ್ಗೆ ಮಾತು ಬಂದವರು, ಮತ್ತೆ ಒಕ್ಕಲಿಗೆ ಸೇರಬೇಕಾದರೆ ನಲವತ್ತೆಂಟು ದಿನ ಮಾಂಸ ಮೊಟ್ಟೆ ಬಿಟ್ಟು, ಸಂಕ್ರಾಂತಿಯ ಮರುದಿನ ಬರುವ ದನಗಳ ಹಬ್ಬ ಮಾಟುಪೊಂಗಲ್ ದಿನ ದೊಡ್ಡಿಗೆ ಬಂದು, ಕಲ್ಲಿನ ಬಾನಿಗೆ ಒಂದು ಹಿಡಿ ಉಪ್ಪು ಹಾಕಬೇಕು. ದೇವರ ಹಸು ಬಂದು ನೆಕ್ಕಿದರೆ ಮುಗಿಯಿತು, ಅವರು ನಮ್ಮವರು. ಕಟುಕ ಹಾಕಿದರೂ ದನ ಉಪ್ಪು ನೆಕ್ಕುತ್ತದೆ, ಇದೆಂಥ ಪರೀಕ್ಷೆ ಎಂದು ನಾನು ಹಾಸ್ಯ ಮಾಡುತ್ತಿದ್ದೆ.

ಅಕ್ಕ ಗಂಡ ಸತ್ತ ವರ್ಷ ಕೊಡೈಕಾನಲ್ ಬೆಟ್ಟಕ್ಕೆ ಅಡುಗೆ ಕೆಲಸಕ್ಕೆ ಹೋದವಳು ಹನ್ನೆರಡು ವರ್ಷ ಅಲ್ಲೇ ಇದ್ದಳು. ಒಬ್ಬ ಮುದುಕಿ ಮೇಡಂ ನಡೆಸುತ್ತಿದ್ದ ಸಣ್ಣ ಹಾಸ್ಟೆಲು. ದೂರದ ತೋಟಗಳ, ಬೇರೆ ದೇಶಗಳ ಹದಿನಾಲ್ಕು ಮಕ್ಕಳು ಅಲ್ಲಿದ್ದು ಶಾಲೆಗೆ ಹೋಗುತ್ತಿದ್ದರು. ಅಲ್ಲಿ ಏನು ಬೇಯಿಸುತ್ತಾಳೆಂದು ಊರಿನಲ್ಲಿ ಗುಸುಗುಸು ಇತ್ತು. ನಮ್ಮ ತಾಯಿ ಸತ್ತಾಗ ಅಕ್ಕ ಓಡಿ ಬಂದಳು; ಹೆಂಗಸರು ಅವಳಿಗೆ ತಾಯಿಯ ಮೈ ತೊಳೆಯುವ ನೀರಿನ ಕೊಡ ಮುಟ್ಟಲು ಬಿಡಲಿಲ್ಲ. ಅಂಗಳದ ಅಂಚಿನಲ್ಲಿ ನಿಂತು ನೋಡಿ ಮರುದಿನವೇ ಬೆಟ್ಟ ಹತ್ತಿದಳು.

ತೊಂಬತ್ತರ ದಶಕದ ಕೊನೆಯ ಒಂದು ಐಪ್ಪಸಿಯಲ್ಲಿ, ಎಂದರೆ ದೀಪಾವಳಿಯ ಹೊತ್ತಿನ ಮಳೆಯಲ್ಲಿ, ಅವಳಿಂದ ಮಾತು ಬಂತು: ಕೆಮ್ಮು ಬಿಡುತ್ತಿಲ್ಲ, ಎರಡು ತಿಂಗಳು ನನ್ನ ಬದಲು ಬಂದು ಒಲೆ ನೋಡಿಕೋ. ನಾನು ನಮ್ಮವರ ಮದುವೆಗಳಲ್ಲಿ ಹಂಡೆ ಇಳಿಸಿದವನು. ದ್ರಾಕ್ಷಿ ತೋಟವನ್ನು ಮಗನಿಗೆ ಒಪ್ಪಿಸಿ, ವತ್ತಲಗುಂಡಿನಲ್ಲಿ ಬಸ್ ಬದಲಿಸಿ, ಮಂಜಿನೊಳಗೆ ಇಳಿದೆ.

ಅಡುಗೆಮನೆ ಹಿತ್ತಲಿನಲ್ಲಿತ್ತು. ಬಾಗಿಲು ದಾಟುವಾಗಲೇ ಮೇಜಿನ ಮೇಲೆ ಗೋಣಿತಾಟಿನಲ್ಲಿ ಸುತ್ತಿದ ದನದ ಮೊಣಕಾಲಿನ ಮೂಳೆ ಕಂಡಿತು. ಊರಿನ ಗುಸುಗುಸು ನಿಜ ಎಂದು ಗೊತ್ತಾಗಲು ನನಗೆ ಇನ್ನೇನೂ ಬೇಕಾಗಲಿಲ್ಲ. ಅಕ್ಕ ಕಂಬಳಿ ಹೊದ್ದು ಒಲೆಯ ಪಕ್ಕ ಕುಳಿತಿದ್ದಳು. ಅರ್ಧ ಕರಗಿಹೋಗಿದ್ದಳು.

"ಏನ್ಡಾ ತಂಬಿ, ಮೂಗ ಮುಚ್ಕಂತೀಯ? ಊರ ತುಂಬ ಎಲ್ಲಾ ಸುಳ್ಳು ಅಂತ ಪೇಸ್ತಿದ್ದವ ನೀನೇ ಅಲ್ವಾ?"

"ಮೂಗ ಅದ್ನೆಲ್ಲ ಕೇಳಲ್ಲ ಅಕ್ಕಾ."

"ಒಂದು ವಾರ ಬಿಡು. ಆಮೇಲ ಅದೂ ನಿನ್ನಂಗೇ ಆಯ್ತದ, ಯಾವುದ್ಕೂ ಅಂಜಲ್ಲ."

ಸೋಮವಾರದಿಂದ ಶುಕ್ರವಾರದವರೆಗೆ ಸಂಜೆಯ ಊಟ ಆ ಮೂಳೆಯ ಸೂಪೊಂದೇ. ಶಾಲೆಯಿಂದ ನೆನೆದು ಬರುವ ಮಕ್ಕಳಿಗೆ ಒಂದೇ ಬಟ್ಟಲಿನಲ್ಲಿ ಹೊಟ್ಟೆ ತುಂಬಬೇಕು, ಮೈ ಬೆಚ್ಚಗಾಗಬೇಕು ಎಂಬುದು ಮೇಡಂ ಲೆಕ್ಕ. ಮೊದಲು ಮಾಂಸದ ತುಂಡುಗಳನ್ನು ಒಣಬಟ್ಟೆಯಲ್ಲಿ ಒತ್ತಬೇಕು. ತೇವ ಇದ್ದರೆ ಅದು ಹುರಿಯುವುದಿಲ್ಲ, ಬೆವರುತ್ತದೆ. ತಳ ದಪ್ಪದ ಪಾತ್ರೆಯಲ್ಲಿ ಈರುಳ್ಳಿಯೊಡನೆ ಕಪ್ಪಿಗೆ ತಿರುಗುವ ಮುಂಚಿನ ಬಣ್ಣ ಬರುವವರೆಗೆ ಹುರಿದು, ಮೂಳೆ ಹಾಕಿ, ನೀರು ಹೊಯ್ಯಬೇಕು. ನೊರೆ ತೆಗೆದು ಎರಡೂವರೆ ಗಂಟೆ ಸಣ್ಣ ಉರಿ. ಆಮೇಲೆ ಬೆಟ್ಟದ ಕ್ಯಾರೆಟ್ಟು, ಕೋಸು, ಟರ್ನಿಪ್ಪು, ಒಡ್ಡನ್‌ಛತ್ರದಿಂದ ಲಾರಿ ತರುವ ಟೊಮೇಟೊ. ಕೊನೆಯ ಹತ್ತು ನಿಮಿಷಕ್ಕೆ ಮೆಕರೋನಿ.

ಮೊದಲ ದಿನ ನಾನು ಮದುವೆ ಅಡುಗೆಯ ಗತ್ತಿನಲ್ಲಿ ಮೆಕರೋನಿಯನ್ನು ಅಕ್ಕಿಯ ಹಾಗೆ ಮುಂಚೆಯೇ ಸುರಿದೆ. ಅದು ಸಾರನ್ನೆಲ್ಲ ಕುಡಿದು ಬೆರಳುಗಾತ್ರ ಉಬ್ಬಿ, ಸೌಟು ನೆಟ್ಟರೆ ನಿಲ್ಲುವ ಮುದ್ದೆಯಾಯಿತು. ಮಕ್ಕಳ ಆಯಾ ಆರೋಕ್ಯಂ, ಅರವತ್ತರ ಹತ್ತಿರದ ಗಟ್ಟಿ ಹೆಂಗಸು, ಪಾತ್ರೆಗೆ ಇಣುಕಿ ತಮಿಳಿನಲ್ಲಿ ಹೇಳಿದಳು: "ಗೌಂಡರೇ, ಇದನ್ನು ಮಕ್ಕಳಿಗೆ ಹಾಕಲೋ, ಹಿಂದಿನ ಗೋಡೆಗೆ ಮೆತ್ತಲೋ? ಮಳೆಗೆ ಗಾರೆ ಬಿದ್ದಿದೆ." ಅಕ್ಕ ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ.

ಒಂದು ವಿಷಯ ನನಗೆ ಬೇಗ ಅರ್ಥವಾಗಲಿಲ್ಲ. ಸೂಪು ಇಳಿಸುವ ಮುಂಚೆ ಅಕ್ಕ ಆರೋಕ್ಯಂಳನ್ನು ಕೂಗುತ್ತಿದ್ದಳು. ಆರೋಕ್ಯಂ ಚಮಚದಲ್ಲಿ ರುಚಿ ನೋಡಿ, ಹುಳಿ, ಖಾರ ಸಾಕೋ ಇಲ್ಲವೋ ಹೇಳುತ್ತಿದ್ದಳು. ನೀನೇ ಯಾಕೆ ನೋಡುವುದಿಲ್ಲ ಎಂದು ಒಂದು ದಿನ ಅಕ್ಕನನ್ನು ಕೇಳಿದೆ.

"ಹನ್ನೆರಡ ವರ್ಷ ಆಯ್ತು. ಒಂದ ತೊಟ್ಟು ಬಾಯಿಗ ಹಾಕಿಲ್ಲ," ಎಂದಳು.

"ಕೈಯಲ್ಲಿ ಕುಯ್ದು, ತೊಳ್ದು, ಬೇಯಿಸ್ತೀಯ. ಬಾಯಿಗ ಹಾಕದಿದ್ರ ಏನು ಉಳೀತು?"

"ಕೈಯಿ ತೊಳ್ದ್ರ ಹೋಯ್ತದ. ನಾಲ್ಗೆ ತೊಳ್ಯಕ್ಕ ಆಯ್ತದಾ? ನಾಲ್ಗೆ ಅವ್ವ ಕೊಟ್ಟದ್ದು, ತಂಬಿ. ಅದ ನಾ ಹಂಗೇ ಒಯ್ದು ಅವ್ಳ ಹತ್ರ ಇಕ್ಬೇಕು."

ತಾಯಿಯ ಪಕ್ಕದಲ್ಲಿ ಮಣ್ಣಾಗಬೇಕು ಎಂಬುದೊಂದೇ ಅವಳಿಗಿದ್ದ ಆಸೆ. ನಮ್ಮಲ್ಲಿ ಹೂಳುವುದು ವಾಡಿಕೆ. ಒಕ್ಕಲಿಗೆ ಸೇರದವರಿಗೆ ಆ ನೆಲದಲ್ಲಿ ಜಾಗವಿಲ್ಲ. ಬರುವ ಮಾಟುಪೊಂಗಲ್‌ಗೆ ದೊಡ್ಡಿಯಲ್ಲಿ ಉಪ್ಪು ಹಾಕುತ್ತೇನೆ ಎಂದು ಅವಳು ತೀರ್ಮಾನಿಸಿದ್ದಳು. ನಾನು ಬಂದು ಮೂರನೆಯ ವಾರಕ್ಕೆ ನಲವತ್ತೆಂಟು ದಿನದ ವ್ರತ ಹಿಡಿದಳು. ದಿನಕ್ಕೊಂದರಂತೆ ಒಂದು ನೂಲಿಗೆ ಗಂಟು ಹಾಕುತ್ತ ಹೋದಳು.

ಅದೇ ವಾರ ಡಾಕ್ಟರು ಎದೆಯ ಫೋಟೋ ನೋಡಿ ಕ್ಷಯ ಎಂದರು. ಮಾತ್ರೆ ಶುರುವಾಯಿತು. ಮಾತ್ರೆ ಕೆಲಸ ಮಾಡಬೇಕಾದರೆ ಮೈಯಲ್ಲಿ ಏನಾದರೂ ಇರಬೇಕು, ಮೊಟ್ಟೆ ಕೊಡಿ, ಮಾಂಸದ ಸಾರು ಕೊಡಿ ಎಂದರು. ಅಕ್ಕ ತಲೆಯಾಡಿಸಿ ಬಂದಳು. ಹಾಲು ಕುಡಿದರೆ ವಾಂತಿಯಾಗುತ್ತಿತ್ತು. ರಾಗಿಗಂಜಿ, ಬೇಳೆಕಟ್ಟು, ಅಷ್ಟೇ ಅವಳ ಊಟ. ಕೆಳಗೆ ಪ್ರತಿ ಸಂಜೆ ಹದಿನಾಲ್ಕು ಮಕ್ಕಳಿಗಾಗುವಷ್ಟು ಮೂಳೆಸಾರು ಕುದಿಯುತ್ತಿತ್ತು. ಅದರ ಹಬೆ ಅಡುಗೆಮನೆಯ ಮೇಲಿದ್ದ ಅವಳ ಕೋಣೆಯ ಹಲಗೆಗಳ ಸಂದಿನಿಂದ ಒಳಗೆ ಹೋಗುತ್ತಿತ್ತು. ಆರೋಕ್ಯಂ ಅವಳ ಮುಂದೆ ಬಟ್ಟಲು ಇಟ್ಟು ಬೈಯುತ್ತಿದ್ದಳು, ಬಟ್ಟಲು ಹಾಗೇ ಹಿಂದಿರುಗುತ್ತಿತ್ತು.

ಇಪ್ಪತ್ತೊಂದನೆಯ ಗಂಟಿನ ದಿನ ನಾನು ಊರಿಗೆ ಇಳಿದೆ. ದೊಡ್ಡಿಯ ಹಿರಿಯರಿಗೆ ಮುಂಚೆಯೇ ತಿಳಿಸಿ ಒಪ್ಪಿಗೆ ಪಡೆಯಬೇಕಾಗಿತ್ತು. ಆ ಕೆಲಸಕ್ಕೆ ಹೋದವನು ನಾನು ಎಂಬುದೇ ಅವಳ ದುರದೃಷ್ಟ.

ದೊಡ್ಡಿಯ ಹುಣಸೆಮರದ ಕೆಳಗೆ ಐದಾರು ಜನ ಕುಳಿತಿದ್ದರು. ಪೆರಿಯಗೌಡರು ಎಂದರೆ ನಮ್ಮ ಒಕ್ಕಲಿನ ಯಜಮಾನರು, ಎಂಬತ್ತು ದಾಟಿದ್ದರು. ನಾನು ವಿಷಯ ಹೇಳಿದೆ. ಅವರು ಎರಡೇ ಪ್ರಶ್ನೆ ಕೇಳಿದರು.

"ವ್ರತ ಹಿಡ್ದಳಾ?"

"ಹಿಡ್ದಳೆ."

"ನಡ್ದು ಬರಕ್ಕ ಆಯ್ತದಾ, ವಂಡಿ ಕಳಿಸ್ಲಾ?"

"ನಾನೇ ಕರ್ಕಂಡ್ ಬತ್ತೀನಿ."

"ಸರಿ. ಬರ ಹೇಳು," ಎಂದು ಎಲೆಗೆ ಸುಣ್ಣ ಹಚ್ಚತೊಡಗಿದರು.

ಮುಗಿದಿತ್ತು. ನಾನು ಎದ್ದು ಬಂದಿದ್ದರೆ ಈ ಬರಹಕ್ಕೆ ವಿಷಯವಿರುತ್ತಿರಲಿಲ್ಲ. ಅಷ್ಟರಲ್ಲಿ ನನ್ನ ದಾಯಾದಿ ಸಿದ್ದಪ್ಪ, ಚಿಕ್ಕಂದಿನಿಂದ ನನ್ನ ಜೊತೆ ವಾದಕ್ಕೆ ನಿಲ್ಲುವವನು, ನಗುತ್ತ ಅಂದ: "ಈಗ ನಮ್ಮ ಪಂಡಿತ್ರಿಗೂ ಉಪ್ಪು ಬೇಕಾಯ್ತು ನೋಡು. ಕಟುಕನ ಉಪ್ಪ ನೆಕ್ತದಂತ ಸೊಲ್ತಿದ್ದವ್ರು."

ಅದು ಬರೀ ಕುಚೋದ್ಯ. ನಕ್ಕು ಬಿಡಬಹುದಾಗಿತ್ತು. ನಾನು ನಿಂತೆ, ನಿಂತು ಮಾತಾಡಿದೆ. ಈಗಲೂ ಅದನ್ನೇ ಹೇಳುತ್ತೇನೆ ಎಂದೆ. ನಿಮ್ಮ ಪರೀಕ್ಷೆ ಪರೀಕ್ಷೆಯೇ ಅಲ್ಲ ಎಂದೆ. ನನ್ನ ಅಕ್ಕ ಹನ್ನೆರಡು ವರ್ಷ ವಾರಕ್ಕೆ ಐದು ದಿನ ದನದ ಮಾಂಸ ಬೇಯಿಸಿದ್ದಾಳೆ, ಒಂದು ತೊಟ್ಟು ನಾಲಿಗೆಗೆ ಸೋಕಿಸಿಲ್ಲ, ಇಲ್ಲಿ ಕುಳಿತವರಲ್ಲಿ ಅವಳಷ್ಟು ಶುದ್ಧವಾದವರು ಯಾರಿದ್ದೀರಿ ಎಂದು ಕೇಳಿದೆ. ಸತ್ಯ ಹೇಳಿದರೆ ಅದು ಗೆಲ್ಲುತ್ತದೆ ಎಂದು ನಂಬಿದ್ದೆ. ಪುಸ್ತಕಗಳಿಂದ ನಾನು ಕಲಿತದ್ದು ಅದನ್ನೇ.

ಸಿದ್ದಪ್ಪ ನೆಲ ನೋಡುತ್ತಿದ್ದ. ಪೆರಿಯಗೌಡರು ಕಟ್ಟಿದ್ದ ಎಲೆಯನ್ನು ಬಾಯಿಗೆ ಹಾಕದೆ ಪಕ್ಕಕ್ಕೆ ಇಟ್ಟರು.

"ಅದ ನಾ ಕೇಳಿದ್ನಾ?" ಎಂದರು.

"ಇಲ್ಲ."

"ಇಲ್ಲಿ ಯಾರನ್ನಾರ ಎಂದಾರ ಕೇಳಿದ್ದುಂಟಾ? ಬೋಡಿಲಿ ಏಲಕ್ಕಿ ಮಂಡಿಗ ಹೋದವ್ರು, ಮೂಣಾರ್‌ಗ ಹೋದವ್ರು, ಏನ್ ತಿಂದ್ರು, ಯಾರ ಕೂಡ ಇದ್ರು, ಕೇಳಿದ್ರ ಈ ದೊಡ್ಡಿಲಿ ಒಬ್ರು ನಿಲ್ಲಕ್ಕಾಗಲ್ಲ. ದನ ಎಲ್ಲಾರ ಉಪ್ಪೂ ನೆಕ್ತದ. ಅದು ನಿಂಗ ಒಬ್ನಿಗೇ ಗೊತ್ತದ ಅಂತ ನೆನ್ಸಿದ್ದೀಯಾ?" ದನಗಳ ಕಡೆ ನೋಡಿ ಹೇಳಿದರು: "ಈಗ ಸೊಲ್ಬುಟ್ಟೆ. ಎಲ್ಲಾರ ಕಿವಿಲೂ ಬಿತ್ತು. ಕೇಳುಸ್ಲಿಲ್ಲ ಅಂತ ನಾ ಹೆಂಗ ಸೊಲ್ಲಲಿ? ಈ ಪೊಂಗಲ್ಗ ಬ್ಯಾಡ."

ಯಾರೂ ಸೋಲದ ಹಾಗೆ ಕಟ್ಟಿದ ಪರೀಕ್ಷೆ ಅದಾಗಿತ್ತು. ಬೇಕೆಂದೇ ಹಾಗೆ ಕಟ್ಟಿದ್ದರು. ನಾನು ಇಪ್ಪತ್ತು ವರ್ಷ ದಡ್ಡತನವೆಂದು ನಗುತ್ತಿದ್ದುದನ್ನು ಅವರೆಲ್ಲ ತಿಳಿದೇ ಸುಮ್ಮನೆ ಕಾಪಾಡಿಕೊಂಡು ಬಂದಿದ್ದರು. ಆದರೆ ಆ ದಿನ ನನಗೆ ಕಂಡದ್ದು ಬರೀ ಕಪಟ. ಬಸ್ಸಿನಲ್ಲಿ ಕುಳಿತು ಬೆಟ್ಟ ಹತ್ತುವವರೆಗೂ ಮನಸ್ಸಿನೊಳಗೆ ಅವರನ್ನು ಬೈಯುತ್ತ, ವಾದದಲ್ಲಿ ಗೆಲ್ಲುತ್ತ ಬಂದೆ. ಕೊನೆಯ ತಿರುವಿನಲ್ಲಿ ರಸ್ತೆಗೆ ಮಣ್ಣು ಜರಿದಿತ್ತು. ಇಳಿದು ಮಳೆಯಲ್ಲಿ ನಡೆದೆ.

"ಏನ್ ಅಂದ್ರು?" ಅಕ್ಕ ಕಂಬಳಿಯಿಂದ ತಲೆ ಎತ್ತಿ ಕೇಳಿದಳು.

"ಸರಿ ಅಂದ್ರು," ಎಂದೆ. ನನಗೆ ನೆನಪಿರುವ ಮಟ್ಟಿಗೆ ಅವಳಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಅವಳು ನೂಲು ಎತ್ತಿಕೊಂಡು ಆ ದಿನದ ಗಂಟು ಹಾಕಿದಳು.

ಎಂಟು ದಿನ ಹೀಗೆ ಕಳೆಯಿತು. ಬೆಟ್ಟದಲ್ಲಿ ಮಳೆ ಬಿಟ್ಟರೆ ಮಂಜು, ಮಂಜು ಬಿಟ್ಟರೆ ಮಳೆ. ನಾನು ಕೆಳಗೆ ಮೂಳೆ ಹುರಿದು ಸೂಪು ಕುದಿಸುತ್ತಿದ್ದೆ, ಮೇಲೆ ಅವಳಿಗೆ ತೆಳ್ಳನೆಯ ಗಂಜಿ ಒಯ್ಯುತ್ತಿದ್ದೆ. ಅವಳ ಮಣಿಕಟ್ಟಿನ ಮೂಳೆ ಒಂದೊಂದೂ ಎಣಿಸುವಂತಾಯಿತು. ಯಾವ ಬಾಗಿಲಿಗಾಗಿ ಹಸಿದಿದ್ದಳೋ ಆ ಬಾಗಿಲು ಮುಚ್ಚಿದೆ ಎಂದು ಆ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಹೇಳಿದರೆ ಉಣ್ಣಬಹುದು, ಉಂಡರೆ ಉಳಿಯಬಹುದು. ಅಥವಾ ಆ ಆಸೆಯೊಂದೇ ಅವಳನ್ನು ಹಿಡಿದಿಟ್ಟಿರಬಹುದು, ಹೇಳಿದರೆ ಅದೂ ಹೋಗಬಹುದು. ಎರಡರಲ್ಲಿ ಯಾವುದು ನಿಜ ಎಂದು ಹೇಳುವ ಪುಸ್ತಕ ನನ್ನ ಬಳಿ ಇರಲಿಲ್ಲ.

ಒಂಬತ್ತನೆಯ ದಿನ ಆರೋಕ್ಯಂ ಗಂಜಿಯ ಬಟ್ಟಲನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ನೀವು ಒಡಹುಟ್ಟಿದ ತಮ್ಮನೋ, ಹೊಟ್ಟೆಗಿಲ್ಲದೆ ಕೊಲ್ಲಲು ಬಂದವರೋ?" ಎಂದಳು. ನಾನು ಮೇಲೆ ಹೋಗಿ ಅಕ್ಕನ ಹಾಸಿಗೆಯ ಪಕ್ಕ ಕುಳಿತು ಎಲ್ಲವನ್ನೂ ಹೇಳಿದೆ. ಸಿದ್ದಪ್ಪ ಅಂದದ್ದು, ನಾನು ಅಂದದ್ದು, ಪೆರಿಯಗೌಡರು ಎಲೆ ಪಕ್ಕಕ್ಕಿಟ್ಟದ್ದು.

ಅವಳು ಕಿಟಕಿಯ ಕಡೆ ತಿರುಗಿದಳು. ಕಿಟಕಿಯಲ್ಲಿ ಬಿಳಿ ಮಂಜಲ್ಲದೆ ಏನೂ ಇರಲಿಲ್ಲ.

"ನಾಕು ಮಾತಲ್ಲಿ ಮುಗ್ದಿತ್ತಾ?" ಎಂದಳು.

"ಮುಗ್ದಿತ್ತು."

"ಆಮೇಲ ನೀ ನಿಂತ್ಕಂಡು ಪೇಸ್ದೆ."

"ಹೂಂ."

"ಚಿಕ್ಕವ್ನಾಗಿದ್ದಾಗ್ಲೂ ಹಂಗೇ. ಕೋಳಿ ಕೂಗ್ದ ಮೇಲ ನೀನೊಂದು ಸಲ ಕೂಗ್ಬೇಕು." ನಗಲು ನೋಡಿದಳು. ಆಮೇಲೆ ಅಂದಳು: "ಹೋಗು, ಒಂದ ಬಟ್ಲು ತಗಂಬಾ. ಆ ಮೆಕರೋನಿನೂ ಹಾಕು."

ತಂದೆ. ಗೋಡೆಗೆ ಒರಗಿಸಿ ಕೂರಿಸಿದೆ. ಚಮಚ ಹಿಡಿದು ತಾನೇ ಉಂಡಳು, ಆತುರವಿಲ್ಲದೆ, ಪ್ರತಿ ತುತ್ತನ್ನೂ ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು. ಮಾಂಸದ ಒಂದು ತುಂಡನ್ನೂ ಬಿಡಲಿಲ್ಲ. ಮುಖದಲ್ಲಿ ಅಸಹ್ಯವಾಗಲಿ ಸಂತೋಷವಾಗಲಿ ಕಾಣಲಿಲ್ಲ. ಬಾಗಿಲಲ್ಲಿ ನಿಂತಿದ್ದ ಆರೋಕ್ಯಂ ಸೆರಗು ಬಾಯಿಗೆ ಒತ್ತಿಕೊಂಡು ಇಳಿದು ಹೋದಳು. ಬಟ್ಟಲು ಖಾಲಿಯಾದ ಮೇಲೆ ಅಕ್ಕ ಮೂವತ್ತು ಗಂಟಿನ ನೂಲನ್ನು ನನ್ನ ಕೈಗೆ ಕೊಟ್ಟು, ಒಲೆಗೆ ಹಾಕು ಎಂದಳು. ಹಾಕಿದೆ.

ಆಮೇಲೆ ಹನ್ನೊಂದು ಸಂಜೆ ಅವಳು ಮಕ್ಕಳು ಉಣ್ಣುವ ಸೂಪನ್ನೇ ಉಂಡಳು. ಶನಿವಾರ ಭಾನುವಾರಕ್ಕೆ ನಾನು ಒಂದು ಪಾಲು ಎತ್ತಿಡುತ್ತಿದ್ದೆ. ಆರನೆಯ ದಿನ ಎದ್ದು ಒಲೆಯವರೆಗೆ ನಡೆದಳು. ನನಗೆ ಆಸೆ ಹುಟ್ಟಿತು. ಡಾಕ್ಟರು ಮಾತ್ರ ಏನೂ ಹೇಳಲಿಲ್ಲ. ಊರಿನ ಮಾತನ್ನು ಅವಳು ಮತ್ತೆ ಎತ್ತಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ನನಗೆ ವಾದಿಸಲು ಏನಾದರೂ ಸಿಗುತ್ತಿತ್ತು. ಪೊಂಗಲ್‌ಗೆ ಒಂದು ವಾರ ಇರುವಾಗ ಒಂದು ಬೆಳಗಿನ ಜಾವ ರಕ್ತ ಕೆಮ್ಮಿದಳು. ಬೆಳಕು ಹರಿಯುವಷ್ಟರಲ್ಲಿ ಹೋಗಿದ್ದಳು.

ಸೂಪು ಮೊದಲೇ ಉಂಡಿದ್ದರೆ ಬದುಕುತ್ತಿದ್ದಳೆಂದು ನಾನು ಹೇಳುವುದಿಲ್ಲ, ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟು. ಆ ಬೆಳಗ್ಗೆ ಮೇಡಂ ನನ್ನನ್ನು ಕರೆದು, ವ್ಯಾನ್ ಇದೆ, ನಿಮ್ಮ ಊರಿಗೆ ಒಯ್ಯುತ್ತೀರಾ, ಫೋನ್ ಮಾಡಬೇಕಾ ಎಂದು ಕೇಳಿದರು. ಬೇಡ ಎಂದೆ. ಕೇಳಿ ಊರಿನವರು ಆಗದು ಎಂದರೆ ಆ ಅವಮಾನ ನನಗೆ ಬೇಡವಾಗಿತ್ತು. ಆಗಲಿ ಎಂದುಬಿಟ್ಟರೆ ಅವರ ಮೇಲಿನ ನನ್ನ ಕೋಪವನ್ನು ಎಲ್ಲಿಡಲಿ? ಎರಡನ್ನೂ ತಪ್ಪಿಸಿಕೊಂಡೆ. ಮಧ್ಯಾಹ್ನ ಎರಡು ಗಂಟೆಗೆ ಪುರಸಭೆಯ ಸ್ಮಶಾನದ ಇಳಿಜಾರು ನೆಲದಲ್ಲಿ, ನೀಲಗಿರಿ ಮರಗಳ ಕೆಳಗೆ ಅವಳನ್ನು ಇಟ್ಟೆವು. ಆರೋಕ್ಯಂ, ಮೇಡಂ, ದೊಡ್ಡ ಹುಡುಗಿಯರು ಮೂವರು, ನಾನು. ಸಂಜೆ ಮಕ್ಕಳಿಗೆ ಊಟ ಬೇಕಾಗಿತ್ತು. ಬಂದು ಮೂಳೆ ಹುರಿದೆ.

ಮುಂದಿನ ಬೇಸಿಗೆಯಲ್ಲಿ ಒಡ್ಡನ್‌ಛತ್ರದ ತರಕಾರಿ ಸಂತೆಯಲ್ಲಿ ಪೆರಿಯಗೌಡರು ಎದುರಾದರು. ಮಗನ ಹೆಗಲು ಹಿಡಿದು ಲಾರಿಗಳ ನಡುವೆ ಬರುತ್ತಿದ್ದರು. ನಾನು ತಿರುಗಿಕೊಳ್ಳುವ ಮುಂಚೆ ಕೂಗಿದರು.

"ಯಾಕ ಸುದ್ದಿ ಕಳಿಸ್ಲಿಲ್ಲ?"

ನಾನು ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟೆ.

"ಕೋಸು ಲಾರಿ ನಮ್ಮ ಹುಡ್ಗ ಅವತ್ತೇ ಬಂದು ಸೊಲ್ದ, ಕೆಂಚಿ ಹೋಗ್ಬುಟ್ಟಳು ಅಂತ. ಬದ್ಕಿರೋರಿಗ ಕಟ್ಟುಪಾಡು. ಸತ್ತವ್ರ ಯಾರು ಕೇಳ್ತಾರ?" ಅವರಿಗೆ ಉಸಿರು ಸಾಲುತ್ತಿರಲಿಲ್ಲ. ನಿಂತು, ಮತ್ತೆ ಹೇಳಿದರು: "ನೀ ಕರ್ಕಂಬತ್ತೀಯಂತ ನಿಮ್ಮವ್ವನ ಪಕ್ಕ ಗುಂಡಿ ತೋಡ್ಸಿ ಕುಂತಿದ್ವಿ. ಸಿದ್ದಪ್ಪನೇ ತೋಡ್ದ. ಹೊತ್ತು ಮುಳುಗ್ದ ಮೇಲ ಮುಚ್ಚಿ ಮನೀಗ ಹೋದ್ವಿ."